ಅಳಿಯ ಅಳಿಸಿದ ಕಥೆ

ನಮ್ಮಿಬ್ಬರ ಬಗ್ಗೆ ಅಕ್ಕಪಕ್ಕದವರು ಒಂದು ಮಾತು ಆಡುತ್ತಿದ್ದರು: "ಆ ಮನೇಲಿ ಗಂಡ ರಿಪೇರಿಗೆ ಕೂತ್ರೆ, ಹೆಂಡ್ತಿ ಹೊಸದು ತರೋಕೆ ಚೀಲ ಹಿಡ್ಕೊಂಡು ನಿಂತಿರ್ತಾಳೆ!" ಹೊಟ್ಟೆಕಿಚ್ಚಿನವರ ಮಾತು ಬಿಡಿ. ನನ್ನ ಕೈಗುಣ ಅವರಿಗೇನು ಗೊತ್ತು?

ಬೆಳಗ್ಗೆಯಿಂದ ಅಂಗಡಿಗೂ ಮನೆಗೂ ಓಡಾಡಿ ಹೆಂಡತಿಗೆ ಹೊಸ ಫೋನು ತಂದೆ.

"ಹಳೇದರಲ್ಲಿರೋದನ್ನ ಅಂಗಡಿಯವನೇ ಹೊಸದಕ್ಕೆ ಹಾಕ್ಕೊಡ್ತಾನಂತಲ್ಲ?" ಅಂದಳು.

ನನ್ನ ಸ್ವಾಭಿಮಾನ ಸೆಟೆದು ನಿಂತಿತು. "ಇಷ್ಟಕ್ಕೆ ಅಂಗಡಿಯೇ? ಬಿಂದಿಗೆಯಿಂದ ಬಕೆಟ್ಟಿಗೆ ನೀರು ಬಗ್ಗಿಸಿದ ಹಾಗೆ ಬಗ್ಗಿಸ್ತೀನಿ, ಒಂದು ಹನಿ ಚೆಲ್ಲಲ್ಲ!"

"ಮಿಕ್ಕಿದ್ದೆಲ್ಲ ಚೆಲ್ಲಿದ್ರೂ ಪರವಾಗಿಲ್ಲ. ಅಮ್ಮನ ದನಿ ಮಾತ್ರ ಜೋಪಾನ ರೀ."

ಅಮ್ಮ, ಅಂದರೆ ನನ್ನ ಅತ್ತೆ, ತೀರಿಕೊಂಡ ಮೇಲೆ ಇವಳಿಗೆ ಉಳಿದದ್ದು ಅವರು ಕಳಿಸಿದ್ದ ಧ್ವನಿ ಸಂದೇಶಗಳಷ್ಟೆ. "ಎದ್ದೆಯೇನೇ? ಕಿಟಕಿ ತೆಗಿ, ಗಾಳಿ ಬರ್ಲಿ!" ದಿನಾ ಅದನ್ನು ಕೇಳಿಯೇ ಇವಳು ಕಿಟಕಿ ತೆಗೆಯುವುದು.

ಎರಡೂ ಫೋನನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದೆ. ಫೋಟೋಗಳು ಹೊಳೆಯಾಗಿ ಹರಿದವು. ನಂಬರುಗಳು ಸಾಲುಗಟ್ಟಿ ಗಡಿ ದಾಟಿದವು. ನಾನು ದಂಡನಾಯಕನಂತೆ ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ! ಕಡೆಗೆ ಹಳೆಯ ಫೋನು ಕೇಳಿತು: "ಧ್ವನಿ ಸಂದೇಶಗಳನ್ನು ಏನು ಮಾಡಲಿ?" ಇವಳ ಫೋನಿನಲ್ಲಿ ಎಲ್ಲವೂ ಕನ್ನಡವೇ. ಕೆಳಗೆ ಎರಡು ಗುಂಡಿ: ಒಂದು 'ಉಳಿಸಿ', ಇನ್ನೊಂದು 'ಅಳಿಸಿ'. ಕನ್ನಡಕ ಸ್ನಾನದ ಮನೆಯಲ್ಲಿತ್ತು. ಶೂರನಿಗೆ ಕನ್ನಡಕ ಯಾಕೆ? ಒತ್ತಿದೆ!

ಪರದೆ ಬೆಳ್ಳಗಾಯಿತು. ನನ್ನ ಮುಖವೂ.

"ಏನಾಯ್ತು?"

"ಒಂದಕ್ಷರ ಕಣೇ... ಒಂದೇ ಒಂದಕ್ಷರ ಹೆಚ್ಚುಕಮ್ಮಿ! 'ಉ' ಅಂದ್ಕೊಂಡು 'ಅ' ಒತ್ತಿಬಿಟ್ಟೆ."

ಅವಳು ಫೋನು ನೋಡಿದಳು. "ಅಳಿಸಿ ಅಂತ ಒತ್ತಿದ್ರಲ್ಲ... ಅಳಿಸಿದ್ರಿ ನೋಡಿ," ಅಂದು ಅಂಗೈಯಿಂದ ಕಣ್ಣೊರೆಸಿಕೊಂಡಳು.

ಅತ್ತೆಯಂದಿರು ಅಳಿಯನನ್ನು ಅಳಿಸಿದ್ದುಂಟು. ಅತ್ತೆಯನ್ನೇ ಅಳಿಸಿದ ಅಳಿಯ ಲೋಕದಲ್ಲಿ ನಾನೊಬ್ಬನೇ! ನಾಲಿಗೆ ತುದಿಗೆ ಬಂದ ಈ ಜೋಕನ್ನು ನುಂಗಿಕೊಂಡೆ. ನುಂಗುವಾಗಲೇ ಹೊಳೆಯಿತು.

"ತಡಿ! ನಿಮ್ಮಮ್ಮ ನಿನಗೆ ಅಂತ ಮಾತಾಡಿ, ಎಷ್ಟೋ ಸಲ ತಪ್ಪಿ ನನಗೆ ಕಳಿಸಿಬಿಡ್ತಿದ್ರು! ಆಮೇಲೆ ಅವರೇ ಹೇಳ್ತಿದ್ರು."

"ಏನಂದಿದ್ರು?"

"ಯಾರಿಗೆ ಗೊತ್ತು? ಬುದ್ಧಿವಾದ ಇರುತ್ತೆ ಅಂತ ಒಂದನ್ನೂ ತೆರೀಲಿಲ್ಲ."

ನನ್ನ ಫೋನು ಕಿತ್ತುಕೊಂಡಳು. ಇದ್ದವು! ಯಾರೂ ಕೇಳದ, ಹೊಚ್ಚ ಹೊಸ ಅತ್ತೆ! ಮೊದಲನೆಯದನ್ನು ಒತ್ತಿದಳು. ದನಿ ಮನೆ ತುಂಬಿತು:

"ನೋಡೇ, ನಿನ್ನ ಗಂಡ ಚಿನ್ನದಂಥ ಮನುಷ್ಯ. ಕೈಗೆ ಮಾತ್ರ ಏನೂ ಕೊಡಬೇಡ!"

ಹೆಂಡತಿ ಅಳುತ್ತಲೇ ನಕ್ಕಳು. ನಗುತ್ತಲೇ ನನ್ನ ಫೋನನ್ನು ಎದೆಗವಚಿಕೊಂಡಳು.

"ಇನ್ಮೇಲೆ ಇದು ನಂದು. ಹೊಸದು ನೀವಿಟ್ಕೊಳ್ಳಿ. ಅದರೊಳಗೆ ಏನೇನು ಬೇಕೋ ಅಂಗಡಿಯವನ ಹತ್ರ ಹಾಕಿಸ್ಕೊಂಡು ಬನ್ನಿ."

ಅವತ್ತಿಗೆ ಕೊನೆಯ ಸಲ ಮನೆಯಿಂದ ಹೊರಬಿದ್ದೆ. ಬಾಗಿಲಿಂದ ಕೂಗಿದಳು: "ದಾರೀಲಿ ಏನನ್ನೂ ಒತ್ತಬೇಡಿ!"

ಲಿಫ್ಟಿನ ಗುಂಡಿಯನ್ನೂ ಒತ್ತದೆ, ಐದೂ ಮಹಡಿ ಮೆಟ್ಟಿಲಿಳಿದೆ.