ಮೊಣಕಾಲಿನ ಮೌನವ್ರತ

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಭಾರತಿಯ ಫೋನ್ ಸ್ಟೇಟಸ್ಸು. ಅವಳೂ ಅವಳ ಗಂಡನೂ ಕೃಷ್ಣಾ ಹೊಳೆಯ ದಂಡೆಗುಂಟ ನಡೆದು ಬಂದು, ಹೊಳೆಯದೊಂದು, ಹಳೇ ಊರಬಾಗಿಲ ಅಗಸಿಯದೊಂದು, ಬಂಡೆಯ ಮೇಲೆ ಕಪ್ಪು ಕನ್ನಡಕ ಹಾಕಿ ಕೂತ ಗಂಡನದೊಂದು ಫೋಟೊ ಏರಿಸಿದ್ದಳು. ಕೆಳಗೆ ‘ಹಳೇ ಊರುಗಳ ನಡುವೆ ಸುಲಭ ನಡಿಗೆ’ ಎಂದು ಬರೆದಿದ್ದಳು. ಮಲ್ಲಿಕಮ್ಮ ಅದನ್ನು ಮತ್ತೆ ಮತ್ತೆ ನೋಡಿದಳು. ನೋಡಿದಷ್ಟು ಸಲ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು.

“ಭಾರತಿ ಗಂಡ ನಡದಾನ. ಬ್ಯಾಂಕಿನಾಗ ಕುಂತು ಕುಂತು ಹೊಟ್ಟಿ ಬೆಳಸಿದಾಂವ ನಡದಾನ. ನಿಮಗೇನಾಗ್ಯಾದ? ಡಾಕ್ಟರೂ ನಡೀರಿ ಅಂತ ಹೇಳ್ಯಾರ.”

“ಮಂಗಳವಾರ ಸೂಟಿ ಅದಲ್ಲ, ಹೋಗೂಣ ತಗೋ,” ಎಂದ ಬಸವಂತ್ರಾಯ.

“ಮಂಗಳವಾರತನಾ ಯಾರು ಕಾಯಬೇಕು? ಅಕಿ ಸ್ಟೇಟಸ್ ನಾಳಿ ಸಂಜಿಗಿ ಇಳಿತದ. ಅದು ಇಳಿಯೋದ್ರೊಳಗ ನಮ್ದು ಏರಬೇಕು.”

ಬಸವಂತ್ರಾಯನಿಗೆ ರಜೆ ಕೇಳುವುದೆಂದರೆ ಭಯ. ಅವನು ಅಸಲಿಗೆ ಕಂಡಕ್ಟರು. ಎರಡು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಾಗ, ಮ್ಯಾನೇಜರ್ ಮನ್ಸೂರಅಲಿ ಸಾಹೇಬರು ಕನಿಕರದಿಂದ ಅವನನ್ನು ಸುರಪುರ ಬಸ್ ಸ್ಟ್ಯಾಂಡಿನ ಕೋಣೆಯಲ್ಲಿ ಕೂರಿಸಿ, ಬಸ್ಸುಗಳ ಊರು, ವೇಳೆ ಕೂಗಲು ಕೈಗೆ ಮೈಕು ಕೊಟ್ಟಿದ್ದರು. ತಲೆಯ ಮೇಲೆ ಫ್ಯಾನು, ಕೆಳಗೆ ಮೆತ್ತನೆ ಖುರ್ಚಿ, ಕೂತಲ್ಲಿಗೇ ಚಹಾ. ಮೊಣಕಾಲು ತಿಂಗಳೊಳಗೆ ವಾಸಿಯಾಯಿತು. ಖುರ್ಚಿಗೆ ಅಂಟಿದ ಭಾಗ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಸಾಹೇಬರು ಎದುರಿಗೆ ಬಂದಾಗಲೆಲ್ಲ ಅವನು ತಪ್ಪದೆ ಕುಂಟುತ್ತಿದ್ದ. ಒಮ್ಮೊಮ್ಮೆ ಅವಸರದಲ್ಲಿ ಬೇರೆ ಕಾಲು ಕುಂಟುತ್ತಿದ್ದದ್ದನ್ನು ಪುಣ್ಯಕ್ಕೆ ಯಾರೂ ಗಮನಿಸಿರಲಿಲ್ಲ. ಕಂಡಕ್ಟರುಗಳು ಕಡಿಮೆ ಇದ್ದಾರೆ, ಕಾಲು ನೆಟ್ಟಗಿದ್ದವರೆಲ್ಲ ಬಸ್ ಹತ್ತಬೇಕು ಎಂದು ಹೋದ ವಾರವಷ್ಟೇ ಸಾಹೇಬರು ಹೇಳಿದ್ದರಿಂದ ಅವನಿಗೆ ನಿದ್ದೆ ಕೂಡ ಸರಿಯಾಗಿ ಬರುತ್ತಿರಲಿಲ್ಲ.

ಆದರೆ ಮನೆಯಲ್ಲಿನ ಸಾಹೇಬರು ಇನ್ನೂ ಕಟ್ಟುನಿಟ್ಟು. ಮರುದಿನ ಬೆಳಗ್ಗೆ ಬಸವಂತ್ರಾಯ ಫೋನ್ ಹಚ್ಚಿ ನರಳಿದ. “ಸಾಹೇಬ್ರ, ಮೊಣಕಾಲು ಊದಿ ಕುಂಬಳಕಾಯಿ ಆಗ್ಯಾದ್ರಿ. ಮಡಚಾಕ ಬರವಲ್ದು. ಇವತ್ತೊಂದಿನ...”

“ಅಯ್ಯ ಪಾಪ, ಆರಾಮ್ ಮಾಡ್ರಿ ಬಸವಂತ್ರಾಯ,” ಎಂದರು ಸಾಹೇಬರು. “ನಮ್ಮಮ್ಮಗೂ ಅದೇ ತಕಲೀಫ್. ಆ ನೋವು ಎಂಥಾದ್ದಂತ ನನಗ ಗೊತ್ತದ.”

ಸಾಹೇಬರ ಕನಿಕರ ಕೇಳಿ ಬಸವಂತ್ರಾಯನಿಗೆ ಸ್ವಲ್ಪ ನಾಚಿಕೆಯಾಯಿತು. ಬೂಟಿನ ಲೇಸು ಕಟ್ಟುವಷ್ಟರಲ್ಲಿ ಹೋಯಿತು.

ಸ್ವಂತ ಬಸ್ ಸ್ಟ್ಯಾಂಡಿನ ಕಡೆ ಮುಖ ತೋರಿಸುವಂತಿಲ್ಲವಲ್ಲ, ತಲೆಗೆ ಟವೆಲ್ ಸುತ್ತಿಕೊಂಡು ಹೆಂಡತಿಯ ಜೊತೆ ಟಂಟಂ ಆಟೊ ಹತ್ತಿದ. ಹೊಳೆ ದಂಡೆಯ ಗುಡಿಹಾಳದಲ್ಲಿ ಇಳಿದಾಗಲೇ ಅವನಿಗೆ ದೊಡ್ಡ ಅಪಾಯವೊಂದು ಹೊಳೆದದ್ದು. ಕಂಡಕ್ಟರಾಗಿ ಓಡಾಡಿದ್ದೆಲ್ಲ ದೂರದೂರಿನ ಬಸ್ಸುಗಳಲ್ಲಿ, ಹಾಗಾಗಿ ಅವನ ಮುಖ ಈ ಕಡೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ದನಿ ಮಾತ್ರ ತಾಲ್ಲೂಕಿಗೆಲ್ಲ ಗೊತ್ತು. ಸುರಪುರಕ್ಕೆ ಸಂತೆಗೆ ಬಂದ ಪ್ರತಿಯೊಬ್ಬರೂ ಆ ದನಿ ಕೇಳಿಯೇ ಬಸ್ ಹತ್ತಿದವರು.

“ಮಲ್ಲಿ, ನಾ ಬಾಯಿ ಬಿಟ್ರ ಕೆಟ್ಟೆ,” ಎಂದು ಪಿಸುಗುಟ್ಟಿದ. “ಯಾರರೆ ಗುರುತು ಹಿಡಿದು ಸಾಹೇಬ್ರಿಗಿ ಮುಟ್ಟಿಸಿದ್ರ ಖುರ್ಚಿ ಹೋತು.”

“ಹಂಗಾದ್ರ ಬಾಯಿ ಬಿಡಬ್ಯಾಡ್ರಿ. ನನಗೂ ಒಂದಿನ ಹಬ್ಬ,” ಎಂದಳು ಮಲ್ಲಿಕಮ್ಮ.

ನಡಿಗೆ ನಿಜಕ್ಕೂ ಸುಲಭವಾಗಿತ್ತು. ಒಂದು ಕಡೆ ಅಗಲವಾಗಿ, ಅವಸರವೇ ಇಲ್ಲದೆ ಹರಿಯುವ ಹೊಳೆ. ಇನ್ನೊಂದು ಕಡೆ ಭತ್ತದ ಗದ್ದೆ. ನಡುವೆ ಎತ್ತಿನ ಬಂಡಿ ಓಡಾಡಿ ಸಮ ಮಾಡಿದ ದಾರಿ. ನಾಯಕರ ಕಾಲದ ಹಾಳು ಕೋಟೆಯ ಹುಡೇವಿನ, ಅಂದರೆ ಕಾವಲು ಬುರುಜಿನ, ಮೇಲೆ ಮೇಕೆಯೊಂದು ಪಹರೆಗೆ ನಿಂತಂತೆ ನಿಂತಿತ್ತು. ಮಲ್ಲಿಕಮ್ಮ ಫೋಟೊ ತೆಗೆದಳು, ತೆಗೆಸಿಕೊಂಡಳು, ಗಂಡನನ್ನು ಬಂಡೆಯ ಮೇಲೆ ಕೂರಿಸಿ ಹೊಟ್ಟೆ ಒಳಗೆಳೆದುಕೊಳ್ಳಲು ಹೇಳಿದಳು. ತಂಪು ಗಾಳಿ ಬೀಸುತ್ತಿತ್ತು. ಇಷ್ಟು ಚಂದದ ಜಾಗವನ್ನು ಎರಡು ವರ್ಷ ಬರೀ ಮೈಕಿನಲ್ಲಿ ಕೂಗಿದೆನಲ್ಲ ಎಂದು ಬಸವಂತ್ರಾಯನಿಗೆ ಅನಿಸಿತು.

ಮುಂದಿನ ಊರು ಕಟ್ಟಿಹಾಳದ ಚಹಾದಂಗಡಿಯಲ್ಲಿ ಕೂತದ್ದೇ ತಪ್ಪಾಯಿತು. ಬೆಂಚಿನ ಮೇಲೆ ಭೀಮು ಎಂಬ ಮೀಸೆಯ ಮನುಷ್ಯ ಕೂತಿದ್ದ. ಊರಿನ ಎಲ್ಲ ವಿಷಯದಲ್ಲೂ ಮುಂದೆ ನಿಲ್ಲುವವನು ಎಂದು ಅವನ ಮೀಸೆಯೇ ಹೇಳುತ್ತಿತ್ತು. ಅವನು ಯಾರಿಗೋ ಜೋರಾಗಿ ಹೇಳುತ್ತಿದ್ದ: “ಯಾದಗಿರಿ ಬಸ್ಸು ಊಟದ ಹೊತ್ತಿಗಿ ಬರ್ತದ. ಜಲ್ದಿ ಹೋಗಿ ಏನ್ ಮಾಡ್ತಿ?”

ಅದು ಬರುವುದು ಊಟದ ಹೊತ್ತಿಗಲ್ಲ, ನಾಷ್ಟಾದ ಹೊತ್ತಿಗೆ. ಬಸವಂತ್ರಾಯನ ಗಂಟಲಲ್ಲಿ ಸರಿಯಾದ ವೇಳೆ ಬಂದು ನಿಂತುಬಿಟ್ಟಿತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಯಾಕ್ರಿ ಯಜಮಾನ್ರ, ಹಲ್ಲು ನೋವೇನ್ರಿ?” ಎಂದ ಭೀಮು. ಬಸವಂತ್ರಾಯ ಟವೆಲಿನ ತುದಿಯನ್ನೂ ಬಾಯಿಗೆ ಒತ್ತಿಕೊಂಡ. “ಎಲ್ಲಿಂದ ಬಂದ್ರಿ?”

“ಅವ್ರು ಮಾತಾಡಂಗಿಲ್ರಿ,” ಎಂದಳು ಮಲ್ಲಿಕಮ್ಮ ಗಡಿಬಿಡಿಯಲ್ಲಿ.

“ನಡಕೋತ ಎಲ್ಲಿಗಿ ಹೊಂಟೀರಿ?”

“ತಿಂಥಣಿ ತನಕ.”

ಭೀಮು ಬೆಂಚಿನಿಂದ ಎದ್ದೇಬಿಟ್ಟ. ಹೊಳೆ ದಂಡೆಗುಂಟ ತಿಂಥಣಿಗೆ, ಅದೂ ಮೌನೇಶ್ವರನ ಸನ್ನಿಧಿಗೆ, ಮಾತಾಡದೆ ನಡೆದು ಹೋಗುವವನು ಇನ್ಯಾರಾಗಲು ಸಾಧ್ಯ? “ಮೌನವ್ರತ!” ಎಂದು ಕೂಗಿದ. “ಲೇ, ಸ್ವಾಮಿಗಳ ಕೈಯಾಗಿನ ಚಹಾ ತಗೋರಿ! ವ್ರತದಾಗ ಚಹಾ ಕುಡೀಬಾರ್ದು!”

ಬಿಸಿ ಚಹಾ ತುಟಿಯ ಹತ್ತಿರದಿಂದ ಹಿಂದಕ್ಕೆ ಹೋಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. “ಹರಕಿ ಹೊತ್ತಾವ್ರು ಬೂಟ್ ಹಾಕ್ತಾರೇನ್ರಿ ತಾಯಿ?” ಎಂದು ಭೀಮು ತಾನೇ ಬಗ್ಗಿ ಬೂಟು ಬಿಚ್ಚಿ, ಭಕ್ತಿಯಿಂದ ಕಂಕುಳಲ್ಲಿ ಇಟ್ಟುಕೊಂಡ. ಬಸವಂತ್ರಾಯ ಹೆಂಡತಿಯ ಮುಖ ನೋಡಿದ. ಮಲ್ಲಿಕಮ್ಮ ಫೋಟೊ ತೆಗೆಯುತ್ತಿದ್ದಳು.

ಅಲ್ಲಿಂದ ಮುಂದೆ ಅದು ಸುಲಭ ನಡಿಗೆಯಾಗಿ ಉಳಿಯಲಿಲ್ಲ. ಮುಂದೆ ಭೀಮು, ಅವನ ಕಂಕುಳಲ್ಲಿ ಬೂಟು, ನಡುವೆ ಬರಿಗಾಲ ಬಸವಂತ್ರಾಯ, ಹಿಂದೆ ಕಟ್ಟಿಹಾಳದ ಅರ್ಧ ಊರು. ಜಾಲಿಮುಳ್ಳು ಚುಚ್ಚಿದಾಗ ಬಾಯಿ ಬಿಡಲಾಗದೆ ಅವನು ಮೂಗಿನಲ್ಲಿ ‘ಹೂಂ...’ ಎಂದು ಎಳೆದ. ಜನ ಕೈಮುಗಿದು ತಾವೂ ‘ಹೂಂ’ ಎಂದರು. ಇನ್ನೊಂದು ಮುಳ್ಳಿಗೆ ಮತ್ತೊಂದು ಸಲ ಎಲ್ಲರೂ ಎಂದರು.

ಸುದ್ದಿ ಫೋನಿನಲ್ಲಿ ಮುಂದೆ ಓಡಿತ್ತು. ಹಳೇ ಮಸೀದಿಯಿದ್ದ ಮುಂದಿನ ಊರಿನಲ್ಲಿ ಬೇವಿನ ಗಿಡದ ಕೆಳಗೆ ಮಕ್ತುಂಬಿ ಎಂಬ ಮುದುಕಿ ಬಟ್ಟಲು ತುಂಬ ಮಾಲ್ದಿ ಹಿಡಿದು ಕಾದಿದ್ದಳು. ಬೆಲ್ಲ, ತುಪ್ಪ ಹಾಕಿ ನಾದಿದ ಚಪಾತಿಯ ವಾಸನೆಗೆ ಬಸವಂತ್ರಾಯನ ಕಣ್ಣು ತುಂಬಿ ಬಂತು. ಸಕ್ಕರೆ ಕಾಯಿಲೆ ಎಂದು ಮಲ್ಲಿಕಮ್ಮ ಅವನಿಗೆ ಸಿಹಿ ತೋರಿಸಿಯೇ ವರ್ಷವಾಗಿತ್ತು. ಈಗ ಪ್ರಸಾದ ಬೇಡ ಎನ್ನಲು ಅವಳಿಗೂ ಬಾಯಿಲ್ಲ. ಅವನು ಅವಳ ಕಣ್ಣಿಗೆ ಕಣ್ಣಿಟ್ಟು ಬಟ್ಟಲು ಖಾಲಿ ಮಾಡಿದ. ಆ ಇಡೀ ದಿನದಲ್ಲಿ ಅವನಿಗೆ ಸಿಕ್ಕ ಸುಖ ಅದೊಂದೇ.

“ಯಾ ಅಲ್ಲಾ, ನನ್ನ ಮೊಣಕಾಲು ಭಾಳ ನೋಯ್ತಾವ,” ಎಂದಳು ಮಕ್ತುಂಬಿ. “ಇವ್ರ ಹರಕಿ ಯಾತರದವ್ವ?”

ಮಲ್ಲಿಕಮ್ಮನ ಬಾಯಿಗೆ ತಕ್ಷಣ ಬಂದದ್ದು ಬೆಳಗ್ಗೆ ಕೇಳಿದ ಸುಳ್ಳೇ. “ಇವ್ರದೂ ಮೊಣಕಾಲೇ ನೋಡಮ್ಮ. ಕುಂಬಳಕಾಯಿ ಆಗಿತ್ತು. ಮಡಚಾಕ ಬರ್ತಿದ್ದಿಲ್ಲ. ಹರಕಿ ಹೊತ್ತು ಹೊಂಟಾರ.”

“ನಡಕೋತ ಬಂದಾರಲ್ಲವ್ವ! ವಾಸಿ ಆಗ್ಯಾದಲ್ಲ!” ಮುದುಕಿ ಬಸವಂತ್ರಾಯನ ಎರಡೂ ಮೊಣಕಾಲು ತಬ್ಬಿಕೊಂಡಳು. ಆಮೇಲೆ ಫೋನ್ ತೆಗೆದಳು. “ನನ್ನ ಮಗಗ ಹೇಳ್ತೀನಿ. ಸುರಪುರದಾಗ ಬಸ್ಸಿನ ದೊಡ್ಡ ಸಾಹೇಬ ಇದ್ದಾನ. ಹಲೋ, ಮನ್ಸೂರ್ ಬೇಟಾ? ಮೌನದ ಸ್ವಾಮಿ ಬಂದಾರ. ಜಲ್ದಿ ತಿಂಥಣಿ ಬ್ರಿಡ್ಜಿಗಿ ಬಾ. ನಾನೂ ಟಂಟಂನಾಗ ಬರ್ತೀನಿ.”

ಬಸವಂತ್ರಾಯ ಖಾಲಿ ಬಟ್ಟಲನ್ನು ಮುದುಕಿಯ ಕೈಗೆ ತುರುಕಿದ. ಅಲ್ಲಿಂದ ಅವನು ನಡೆದ ವೇಗ ನೋಡಿ ಜನ ದಂಗಾದರು. “ಮೊಣಕಾಲಿಗಿ ಏನ್ ಶಕ್ತಿ ಬಂದದ ನೋಡ್ರಿ!” ಎಂದು ಭೀಮು ಏದುಸಿರು ಬಿಡುತ್ತ ಬೂಟು ಹಿಡಿದು ಹಿಂದೆ ಓಡಿದ. ಬಸವಂತ್ರಾಯನ ತಲೆಯಲ್ಲಿದ್ದದ್ದು ಒಂದೇ. ಸನ್ನಿಧಿಗೆ ದೂರದಿಂದಲೇ ಕೈಮುಗಿದು, ಸಾಹೇಬರು ಬರುವ ಮೊದಲು ಬ್ರಿಡ್ಜಿನ ಹತ್ತಿರ ಸಿಕ್ಕ ಬಸ್ ಹತ್ತಿ ಪಾರಾಗಬೇಕು. ಅದು ಎಲ್ಲಿಗೆ ಹೋದರೂ ಚಿಂತೆಯಿಲ್ಲ.

ಬ್ರಿಡ್ಜಿಗೆ ಬರುವುದಕ್ಕೂ ಲಿಂಗಸುಗೂರಿನ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮಲ್ಲಿಕಮ್ಮನ ಕೈ ಹಿಡಿದೆಳೆದು ಹತ್ತಿದ. ಬದುಕಿದೆ ಎಂದು ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟರೆ ಜನ ಹತ್ತುತ್ತಲೇ ಇದ್ದರು. “ಸ್ವಾಮಿಗಳು ಹತ್ಯಾರ, ಸುರಪುರ ಬಸ್ಸು ಇದೇ. ಹತ್ರಿ, ಹತ್ರಿ!” ಎಂದು ಭೀಮು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಸುರಪುರದ ಸಂತೆಗೆ ಹೊರಟ ಕಟ್ಟಿಹಾಳದ ಹೆಂಗಸರು, ಶಹಾಪುರಕ್ಕೆ ಹತ್ತಿ ಮಾರಲು ಹೊರಟ ರೈತರು, ಯಾದಗಿರಿಯಲ್ಲಿ ರೈಲು ಹಿಡಿಯಬೇಕಾದ ಗಂಟುಮೂಟೆಯವರು, ಎಲ್ಲರೂ ತದ್ವಿರುದ್ಧ ದಿಕ್ಕಿನ ಬಸ್ಸಿಗೆ ತುಂಬಿಕೊಳ್ಳುತ್ತಿದ್ದರು. ಬಸ್ಸಿನ ಕಂಡಕ್ಟರು ಫೋನಿನಲ್ಲಿ ಮುಳುಗಿದ್ದ. ಬಸವಂತ್ರಾಯ ಕೈಬೀಸಿ ಸುರಪುರದ ದಿಕ್ಕು ತೋರಿಸಿದ. ಜನ ಅದನ್ನು ಆಶೀರ್ವಾದ ಎಂದುಕೊಂಡು ತಲೆಬಾಗಿದರು. ತಲೆ ಅಲ್ಲಾಡಿಸಿದ. ಅವರೂ ಅಲ್ಲಾಡಿಸಿದರು.

ಡ್ರೈವರು ಗೇರು ಹಾಕಿದ. ಎರಡು ವರ್ಷದಲ್ಲಿ ಬಸವಂತ್ರಾಯನ ಎದುರಿಗೆ ಒಬ್ಬ ಪ್ರಯಾಣಿಕನೂ ತಪ್ಪು ಬಸ್ಸು ಹತ್ತಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಸೀಟಿನ ಮೇಲೆ ಎದ್ದು ನಿಂತ.

“ಪ್ರಯಾಣಿಕರ ಗಮನಕ್ಕೆ! ಈ ಬಸ್ಸು ಲಿಂಗಸುಗೂರಿಗೆ ಹೋಗುತ್ತದೆ! ಸುರಪುರ, ಶಹಾಪುರ, ಯಾದಗಿರಿ ಕಡೆ ಹೋಗುವವರು ದಯವಿಟ್ಟು ಕೆಳಗಿಳಿಯಬೇಕು!”

ಡ್ರೈವರು ಗಕ್ಕನೆ ಬ್ರೇಕು ಒತ್ತಿದ. “ಏ, ಈ ದನಿ ಬಸ್ ಸ್ಟ್ಯಾಂಡಿಂದು ಅಲ್ಲೇನು?” ಎಂದು ಯಾರೋ ಅಂದರು. ಕಿಟಕಿಯ ಹೊರಗಿನಿಂದ ಇನ್ನೊಂದು ದನಿ ಬಂತು.

“ಬಸವಂತ್ರಾಯ!”

ಸುರಪುರದ ಕಡೆಯಿಂದ ಹಿಂದೆಯೇ ಬಂದ ಬಸ್ಸಿನಿಂದ ಆಗಷ್ಟೇ ಇಳಿದಿದ್ದ ಮನ್ಸೂರಅಲಿ ಸಾಹೇಬರು, ಪಕ್ಕದಲ್ಲಿ ಟಂಟಂನಿಂದಿಳಿದ ಮಕ್ತುಂಬಿ. “ಇಳೀರಿ ಕೆಳಗ. ಮಡಚಾಕ ಬರವಲ್ದು ಅಂದ್ರಿ? ಕುಂಬಳಕಾಯಿ ಅಂದ್ರಿ?”

ಬಸವಂತ್ರಾಯ ಇಳಿದ. ಕೆಲಸವೇ ಹೋಯಿತು ಎಂದುಕೊಂಡ.

“ಇವ್ರೇ ಬೇಟಾ!” ಎಂದು ಮಕ್ತುಂಬಿ ನಡುವೆ ಬಂದಳು. “ಖರೇನೇ ಕುಂಬಳಕಾಯಿ ಆಗಿತ್ತಂತ. ಹರಕಿ ಹೊತ್ತು ನಡದ್ರು, ವಾಸಿ ಆತು. ನಾ ಮುಟ್ಟಿದೆ, ನನಗೂ ಹಗುರ ಆಗ್ಯಾದ ನೋಡು!” ಅವಳು ನಾಲ್ಕು ಹೆಜ್ಜೆ ಚುರುಕಾಗಿ ಹಾಕಿ ತೋರಿಸಿದಳು.

“ಹೌದ್ರಿ ಸಾಹೇಬ್ರ, ನಾವೆಲ್ಲ ಕಣ್ಣಾರೆ ನೋಡೀವಿ,” ಎಂದ ಭೀಮು. “ಬ್ರಿಡ್ಜಿಗಿ ಬಂದ ಮ್ಯಾಲ ವ್ರತ ಬಿಟ್ರು. ಕಡಿಕ ಓಡಿದ್ರು ಅಂದ್ರ, ನಮ್ಮ ಎತ್ತಿಗೂ ಆ ಓಟ ಬರಂಗಿಲ್ಲ!”

ಸಾಹೇಬರು ತಾಯಿಯ ಕಾಲು ನೋಡಿದರು, ಬಸವಂತ್ರಾಯನ ಕಾಲು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. “ಮಾಫ್ ಮಾಡ್ರಿ ಬಸವಂತ್ರಾಯ. ನಿಮ್ಮ ಮ್ಯಾಲ ಶಕ್ ಪಟ್ಟೆ,” ಎಂದು ಅಪ್ಪಿಕೊಂಡರು. ಮಲ್ಲಿಕಮ್ಮ ಆ ಫೋಟೊವನ್ನೂ ತೆಗೆದಳು. ಬಸವಂತ್ರಾಯನ ಜೀವ ಮರಳಿ ಬಂತು.

“ಇನ್ನ ನಿಮಗ ಆ ಖುರ್ಚಿ ಯಾಕ?” ಎಂದರು ಸಾಹೇಬರು, ಅಪ್ಪುಗೆ ಬಿಡದೆ. “ಕಂಡಕ್ಟರ್ ಅರ್ಜುನಂದು ಸೊಂಟ ಹೋಗ್ಯಾದ, ಪಾಪ, ಮೈಕು ಅಂವಗ ಕೊಡ್ತೀನಿ. ನೀವು ನಾಳಿಂದ ಈ ಹೊಳಿ ಸಾಲಿನ ಹಳ್ಳಿ ಬಸ್ಸಿಗಿ ಕಂಡಕ್ಟರ್ ಹೋಗ್ರಿ.”

ನೋವಿದೆ ಎಂದರೆ ಮೌನೇಶ್ವರನಿಗೂ ಮಕ್ತುಂಬಿಗೂ ಅಪಚಾರ. ಮೊದಲೇ ಇರಲಿಲ್ಲ ಎಂದರೆ ಕೆಲಸಕ್ಕೇ ಸಂಚಕಾರ. ಬಸವಂತ್ರಾಯ ಕೈಮುಗಿದು ನಿಂತ. ಭೀಮು ಗೌರವದಿಂದ ಬೂಟು ಕೊಟ್ಟ.

ಮಲ್ಲಿಕಮ್ಮನ ಸ್ಟೇಟಸ್ಸು ಸಮಯಕ್ಕೆ ಸರಿಯಾಗಿ ಏರಿತು.

ಮರುದಿನ ಹಳ್ಳಿ ಬಸ್ಸು ಪ್ರತಿ ಊರಲ್ಲೂ ತಡವಾಯಿತು. ಎಲ್ಲಿಗೂ ಹೋಗಬೇಕಿಲ್ಲದ ಮುದುಕ ಮುದುಕಿಯರೆಲ್ಲ ಬಸ್ ಹತ್ತಿ ಕಂಡಕ್ಟರನ ಮೊಣಕಾಲು ಹಿಡಿದರು, ಒತ್ತಿದರು, ಕೆಲವರು ತಮ್ಮ ಕಡೆಗೆ ಎಳೆದುಕೊಂಡರು. ಕೂತರೆ ಮುಟ್ಟಲು ಎಟುಕುವುದಿಲ್ಲ ಎಂದು ಅವನನ್ನು ಕೂರಲೂ ಬಿಡಲಿಲ್ಲ. ಸಂಜೆ ಮನೆಗೆ ಬಂದು ಪ್ಯಾಂಟು ಮೇಲೆತ್ತಿ ನೋಡಿದರೆ, ಎರಡೂ ಮೊಣಕಾಲು ಊದಿದ್ದವು.

“ಮಲ್ಲಿ, ಈಗ ಖರೇನೇ ನೋಯಾಕತ್ತಾವ. ಕುಂಬಳಕಾಯಿ ಆಗ್ಯಾವ ನೋಡು. ಸಾಹೇಬ್ರಿಗಿ ಫೋನ್ ಹಚ್ಚಲೇನು?”

ಮಲ್ಲಿಕಮ್ಮ ಓಡಿಹೋಗಿ ಕಿಟಕಿ ಮುಚ್ಚಿ, ತುಟಿಯ ಮೇಲೆ ಬೆರಳಿಟ್ಟಳು. “ಬಾಯಿ ಬಿಡಬ್ಯಾಡ್ರಿ!”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಭಾರತಿ, ಅವಳ ಹೆಗಲಿಗೆ ಜೋತುಬಿದ್ದ ಗಂಡ.

“ವೈನಿ, ಅಣ್ಣಾರು ಬಂದಾರೇನ್ರಿ?” ಎಂದಳು ಭಾರತಿ ಮೆತ್ತಗೆ. “ಆ ಸುಲಭ ನಡಿಗಿ ಮಾಡಿ ಬಂದಾಗಿಂದ ಇವ್ರ ಮೊಣಕಾಲು ಹಿಡಕೊಂಡಾವ. ಒಂದೀಟು ಮುಟ್ಟಿ ಹೋಗ್ತಾರ.”

ಬಸವಂತ್ರಾಯ ಹಲ್ಲು ಕಚ್ಚಿಕೊಂಡು ಎದ್ದು ನಿಂತ. ಭಾರತಿಯ ಗಂಡ ಎರಡೂ ಕೈ ಹಾಕಿ ಗಟ್ಟಿಯಾಗಿ ಹಿಡಿದ.

“ಹೂಂ...” ಎಂದ ಬಸವಂತ್ರಾಯ.

ಭಾರತಿ ಕೈಮುಗಿದಳು.