ಊಜಿ ನೊಣದ ಬಾಣಂತನ

ಕಥೆ ಹೇಳುವ ಚಟ ಹತ್ತಿದವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ನಾನು ಕೈಲಾಂಚದ ಹತ್ತಿರ ಶಾಲೆಯೊಂದರಲ್ಲಿ ಮೇಷ್ಟ್ರು. ಪ್ರಾಣಿಗಳಿಗೆ ಕಲ್ಲು ಹೊಡೆಯಬೇಡಿ ಎಂದರೆ ಮಕ್ಕಳು ಕೇಳುವುದಿಲ್ಲ. ಅವುಗಳ ಮರಿಗಳು ಮನೆಯಲ್ಲಿ ಕಾಯುತ್ತಿವೆ ಎಂದು ಕಥೆ ಕಟ್ಟಿದರೆ ಕಲ್ಲು ತಾನಾಗಿ ಕೆಳಗೆ ಬೀಳುತ್ತದೆ. ಈ ಗುಟ್ಟು ತಿಳಿದ ಮೇಲೆ ಹಾವು, ಹಲ್ಲಿ ಎಲ್ಲಕ್ಕೂ ಬಾಣಂತನ ಮಾಡಿಸಿಬಿಟ್ಟೆ. ಹೆಗ್ಗಣಕ್ಕಂತೂ ಸೀಮಂತವೂ ಆಯಿತು. ಪಕ್ಕದ ಮನೆಯವರು ಇಲಿಬೋನು ಇಡಬೇಕಾದರೂ ನನ್ನ ಮಗಳು ಹರ್ಷಿತಾಳ ಕಣ್ಣು ತಪ್ಪಿಸಬೇಕಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಆದರೆ ನಮ್ಮದು ರೇಷ್ಮೆ ಸಾಕುವ ಮನೆ. ಹುಳು ನೋಡಿಕೊಳ್ಳುವವಳು ನನ್ನ ಹೆಂಡತಿ ಸಾವಿತ್ರಿ. ಕೈಕಾಲು ತೊಳೆದು ಬಂದರೂ ನನ್ನನ್ನು ಹುಳುಮನೆಯೊಳಗೆ ಬಿಡುವುದು ಅಪರೂಪ. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಅದರ ಮರಿ ಹುಳುವನ್ನೇ ಕೊರೆದು ತಿನ್ನುತ್ತದೆ, ಬೆಳೆ ಕೈಬಿಟ್ಟಂತೆಯೇ. ಅದಕ್ಕೇ ಕಿಟಕಿಗೆಲ್ಲ ಪರದೆ. ಹುಳು ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಒಂದು ದಿನ, ಹರ್ಷಿತಾ ಪರದೆಯ ಮೂಲೆ ಎತ್ತಿ ಹಿಡಿದು ಹೊರಗೆ ಕೂತ ಊಜಿಯನ್ನು "ಬಾ, ಬಾ" ಎಂದು ಕರೆಯುತ್ತಿದ್ದಳು. ಸಾವಿತ್ರಿ ಓಡಿ ಬಂದು ಪರದೆ ಎಳೆದಳು.

"ಪಾಪ ಕಣವ್ವ, ಬಸುರಿ ಅದು. ಹೆರೋಕೆ ಜಾಗ ಇಲ್ಲ."

"ಯಾರೇ ಹೇಳಿದ್ದು?"

"ಅಪ್ಪನ ಕಥೇಲಿ ಎಲ್ರೂ ಹಂಗೇ ಅಲ್ವಾ?"

ಸಾವಿತ್ರಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. "ರೀ, ನಿಮ್ ಕಥೆನ ನೀವೇ ವಾಪಸ್ ತಗಳಿ. ಬೆಳೆ ಹೋದ್ಮೇಲೆ ಊಜಿ ಮಕ್ಳಿಗೆ ನಾಮಕರಣ ಮಾಡೀರಂತೆ."

ನಾನು ಗಂಟಲು ಸರಿಮಾಡಿಕೊಂಡು ಆಹಾರ ಸರಪಳಿಯಿಂದ ಶುರುಮಾಡಿದೆ. ಮಗಳು ಆಕಳಿಸಿ ಮತ್ತೆ ಪರದೆಗೆ ಕೈಹಾಕಿದಳು. ಸಾವಿತ್ರಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಇಲ್ ನೋಡ್ ಮಗ, ಈ ಹುಳಕ್ಕೂ ಒಬ್ಳು ಅವ್ವ ಇದ್ಲು. ಮೊಟ್ಟೆ ಇಕ್ಕಿ ಸತ್ತೋಗ್ಬುಟ್ಲು. ಸಾಯೋವಾಗ, ನನ್ ಮಕ್ಳ ಒಸಿ ನೋಡ್ಕಳವ್ವ ಅಂತ ನನ್ ಕೈಗಾಕುದ್ಲು. ಕಂಡೋರ್ಗೆಲ್ಲ ಬಾಗ್ಲು ತಗುದ್ರೆ ಅವ್ಳಿಗೆ ನಾನೇನ್ ಹೇಳ್ಲಿ?"

ಹರ್ಷಿತಾಳ ಕಣ್ಣು ತುಂಬಿತು. ತಾನೇ ಪರದೆಯ ಅಂಚು ಸಿಕ್ಕಿಸಿ, "ಬೇರೆ ಮನೆ ನೋಡ್ಕೋ ಹೋಗು" ಎಂದು ಊಜಿಯನ್ನು ಓಡಿಸಿದಳು. ಬೆಳೆ ಉಳಿಯಿತು. ನನ್ನ ವಿದ್ಯೆಯಲ್ಲೇ ಹೆಂಡತಿ ನನ್ನನ್ನು ಮೀರಿಸಿದ್ದಕ್ಕೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಹರ್ಷಿತಾ ಕೇಳಿದಳು: "ಅವ್ವ, ಈ ಮಕ್ಳು ಗೂಡು ಕಟ್ಟಿದ್ಮೇಲೆ ರಾಮನಗರದ ಮಾರ್ಕೆಟ್‌ಗೆ ತಗಂಡೋಯ್ತೀವಲ್ಲ, ಅಲ್ಲಿ ಅವುನ್ನ ಏನ್ಮಾಡ್ತಾರೆ?"

ನೂಲು ತೆಗೆಯಲು ಗೂಡನ್ನು ಹುಳುವಿನ ಸಮೇತ ಬಿಸಿನೀರಿಗೆ ಹಾಕುತ್ತಾರೆಂಬುದು ನಮ್ಮಿಬ್ಬರಿಗೂ ಗೊತ್ತು. ಸಾವಿತ್ರಿಗೆ ಇದ್ದಕ್ಕಿದ್ದಂತೆ ಹಿಪ್ಪುನೇರಳೆ ಸೊಪ್ಪಿನ ಕೆಲಸ ನೆನಪಾಯಿತು. "ಅದ ನಿಮ್ಮಪ್ಪುನ್ನ ಕೇಳು. ಕಥೆ ಹೇಳೋರು ಅವ್ರೇ" ಎಂದು ಎದ್ದು ಹೋದಳು.

ಮಗಳು ನನ್ನೆದುರು ಬಂದು ನಿಂತಳು. ಪ್ರಶ್ನೆ ಕೇಳುವವರೇ ನಿಜವಾದ ಜಾಣರು ಎಂದು ಶಾಲೆಯಲ್ಲಿ ದಿನವೂ ಹೇಳುವ ಮೇಷ್ಟ್ರು ನಾನು. ಕನ್ನಡಕ ಏರಿಸಿಕೊಂಡು ಗಂಭೀರವಾಗಿ ಕೇಳಿದೆ:

"ಹೋಮ್‌ವರ್ಕ್ ಆಯ್ತಾ?"