ಅಡಾಪ್ಟರಿಗೊಂದು ವರ

ನಮ್ಮ ಸೋದರಮಾವ ಮುರಗೋಡದಲ್ಲಿ ಕಡಿಮೆಯೆಂದರೂ ನೂರು ಲಗ್ನ ಮಾಡಿಸಿದ್ದಾನೆ. ಸ್ವಂತದ್ದೊಂದು ಬಿಟ್ಟು! ಗಾಬರಿಯಾಗಬೇಡಿ, ವಧುಗಳೆಲ್ಲ ಅಡಾಪ್ಟರುಗಳು. ವರಗಳು ರೇಡಿಯೋ, ಟೇಪ್ ರೆಕಾರ್ಡರ್, ಆಗಷ್ಟೇ ಊರಿಗೆ ಬಂದಿದ್ದ ಕಾರ್ಡ್‌ಲೆಸ್ ಫೋನು.

ಮಾವ ನಮ್ಮ ಮನೆಯಲ್ಲೇ ಇದ್ದ. ಯಾರ ಅಡಾಪ್ಟರ್ ಸತ್ತರೂ ಅವನ ಬೆಲ್ಲದ ಡಬ್ಬಿಯೇ ಗತಿ. ಅದರ ತುಂಬ ಮದುವೆ ವಯಸ್ಸಿಗೆ ಬಂದ ಹಳೆಯ ಅಡಾಪ್ಟರುಗಳು. ಮಾವ ಸಾಲಿ ಬಿಟ್ಟದ್ದು ಎರಡನೇ ಇಯತ್ತೆಗೆ. ಅಂಕಿ ಮತ್ತು ಕೂಡಿಸು-ಕಳೆ ಚಿಹ್ನೆ ಬಿಟ್ಟರೆ ಏನೂ ಓದಲಾರ. ಅಷ್ಟು ಸಾಕಲ್ಲ!

ಒಮ್ಮೆ ಟೇಲರ್ ಮೌಲಾಸಾಬ ತನ್ನ ಟೇಪ್ ರೆಕಾರ್ಡರ್ ಹೊತ್ತು ಬಂದ. "ಕಾಕಾ, ಪಿನ್ನು ಕೂಡೂದೊಂದು ಕೊಡ್ರಿ, ಆತು."

"ಬರೇ ಮೂಗು ನೋಡಿ ಹೆಣ್ಣು ತರ್ತಿಯೇನೋ? ಮೊದಲ ವೋಲ್ಟ್ ಕೂಡಬೇಕು. ಆರು ಅಂದ್ರ ಆರ! ಆ್ಯಂಪಿಯರ್ ಹೆಣ್ಣಿನ ಕಡೆ ಹೆಚ್ಚಿದ್ರ ಅಡ್ಡಿಲ್ಲ, ಗಂಡು ತನಗ ಬೇಕಾದಷ್ಟ ಉಣ್ತಾನ. ಕಡಿಮಿ ಇದ್ರ ದುಡದು ದುಡದು ಹೆಣ್ಣಿಗೆ ಜ್ವರ ಬರ್ತಾವ. ಆಮ್ಯಾಲ ಪಿನ್ನಿನ ಪ್ಲಸ್ ನಡುವ ಐತೋ, ಹೊರಗ ಐತೋ? ಅದು ತಿರುಗಾಮುರುಗಾ ಆತಂದ್ರ ಅಕ್ಕಿಕಾಳು ಬೀಳೂದ್ರಾಗ ಹೊಗಿ!"

"ನನ್ನ ಲಗ್ನಕ್ಕೂ ಇಷ್ಟು ನೋಡಿರಲಿಲ್ಲರಿ ಕಾಕಾ!"

"ಅದಕ್ಕ ದಿನಾ ಜಗಳ."

ಜೋಡಿ ಕೂಡಿದರೆ ಮದುವೆ ಊಟವೆಂದು ಚುರಮುರಿ, ಮಿರ್ಚಿ ವಸೂಲಿ. ಕೂಡದಿದ್ದರೆ ಊರ ಗೌಡರೇ ಬರಲಿ, "ನಿಮ್ಮ ವರಕ್ಕ ನಮ್ಮಲ್ಲಿ ಹೆಣ್ಣಿಲ್ಲರಿ!" ಅವನ ಕೈಯಲ್ಲಿ ಒಂದೇ ಒಂದು ಸಾಮಾನು ಸುಟ್ಟಿರಲಿಲ್ಲ. ಅವನಿಗಿದ್ದ ಆಸ್ತಿ ಅದೊಂದೇ ಹೆಸರು.

ಆ ವರ್ಷ ನಾನು ಬಿ.ಎಸ್ಸಿ. ಪಾಸಾದೆ. ನಮ್ಮ ಮನೆತನಕ್ಕೇ ಮೊದಲ ಪದವಿ. ಮೂರು ವರ್ಷ ಬೈಲಹೊಂಗಲದ ಬಸ್ಸಿಗೆ ಜೋತುಬಿದ್ದು ಗಳಿಸಿದ್ದು. ಅಪ್ಪ ಕಟ್ಟೆಯ ಮೇಲೆ ಮಂದಿ ಕೂಡಿಸಿ ಪೇಢೆ ಹಂಚುತ್ತಿದ್ದ. ಒಳಗೆ ಅವನ ಪ್ರೀತಿಯ ಆರು ವೋಲ್ಟಿನ ರೇಡಿಯೋದ ಸೆಲ್ಲು ಮುಗಿದಿತ್ತು. ನಾನು ಡಬ್ಬಿಗೆ ಕೈಹಾಕಿ, ಪಿನ್ನು ಕೂಡುವ ಒಂದನ್ನು ಎತ್ತಿದೆ.

"ಓದಿ ಹಾಕೋ," ಎಂದ ಮಾವ.

"ಫಿಜಿಕ್ಸ್ ಕಲ್ತೇನಿ ಮಾವಾ!"

ಹಾಕಿದೆ. ರೇಡಿಯೋ ಒಮ್ಮೆ ಕೆಮ್ಮಿತು, ಬೀಡಿ ಸೇದಿದವರಂತೆ ಹೊಗೆ ಬಿಟ್ಟು ಕಣ್ಮುಚ್ಚಿತು.

ವಾಸನೆ ಹಿಡಿದು ಅಪ್ಪ ಒಳಗೆ ಬಂದ. ಹಿಂದೆಯೇ ಪೇಢೆ ಚಪ್ಪರಿಸುತ್ತ ಮಂದಿ. "ಯಾಂವ ಇದನ್ನ ಸುಟ್ಟಾಂವ?"

ಪದವಿಗೆ ಇನ್ನೂ ಒಂದು ದಿನ ತುಂಬಿರಲಿಲ್ಲ!

"ನಾನರಿ ಭಾವಾರ," ಎಂದ ಮಾವ. "ಕಣ್ಣು ಮಂಜಾದ್ವು. ಅಂಕಿ ಕಾಣಲಿಲ್ಲ."

"ಮನ್ಯಾಗ ಬಿ.ಎಸ್ಸಿ. ಆದಾಂವ ಅದಾನ, ಅವನ್ನ ಒಂದು ಮಾತು ಕೇಳಬಾರದ?"

ಮಂದಿ ಹೋ ಎಂದು ನಕ್ಕರು. ಮೌಲಾಸಾಬ, "ಕಾಕಾಂದು ವಯಸ್ಸಾತು ಬಿಡ್ರಿ," ಎಂದ. ಮಾವನೂ ಎಲ್ಲರ ಜೊತೆ ನಕ್ಕ. ನಾನು ತಲೆ ತಗ್ಗಿಸಿ ರೇಡಿಯೋದ ಪಿನ್ನು ಕಿತ್ತೆ.

ಎಲ್ಲರೂ ಹೋದ ಮೇಲೆ ಅವನು ಆ ಅಡಾಪ್ಟರನ್ನು ನನ್ನ ಅಂಗೈಯಲ್ಲಿಟ್ಟ. "ನಿನಗರೆ ಇಂಗ್ಲಿಷ್ ಬರ್ತದ. ಸಾವಕಾಶ, ಪೂರಾ ಓದು."

ಕಿಟಕಿಯ ಬೆಳಕಿಗೆ ಹಿಡಿದೆ. ಹನ್ನೆರಡು ಇತ್ತೋ, ಏನೋ. ಈ ಸಲ ಅಂಕಿಗಳು ಖರೇನೇ ಮಂಜಾಗಿದ್ದವು.